ಜಾಂಬಿಯಾದಲ್ಲಿ ಗಾಡಿ ಓಡಿಸಿದವಳು

ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ ಎಂಬ ನಿಯಮವಿದ್ದ ದಿನಗಳು. ಐರ್ಲೆಂಡಿನ ಕಾರ್ಕ್ ಊರಿನ ಕನ್ನಡದವರೆಲ್ಲ ಭಾನುವಾರ ಜೂಮ್‌ನಲ್ಲಿ ಸೇರಿ ಹಳೆಯ ಪ್ರವಾಸಗಳ ಕಥೆ ಹೇಳಿಕೊಳ್ಳುತ್ತಿದ್ದೆವು. ಆ ವಾರ ನಮ್ಮ ಯಜಮಾನರ ಸರದಿ. ಮೂರು ವರ್ಷದ ಹಿಂದೆ ನಾವಿಬ್ಬರೂ ಮಗಳೂ ಉತ್ತರ ಜಾಂಬಿಯಾದಲ್ಲಿ ಜಲಪಾತಗಳನ್ನು ಹುಡುಕಿಕೊಂಡು ಹನ್ನೊಂದು ದಿನ ಸುತ್ತಿದ್ದೆವು. ಇವರು ಮಹಡಿಯ ಕೋಣೆಯಿಂದ ಫೋಟೋ ತೋರಿಸುತ್ತಿದ್ದರು. ಕೋವಿಡ್ ವಾರ್ಡಿನ ಡ್ಯೂಟಿ ಮುಗಿಸಿ ಬಂದಿದ್ದ ನಾನು ಅಡುಗೆಮನೆಯಲ್ಲಿ ಮಗಳ ಜೊತೆ ಫೋನಿನಲ್ಲಿ ನೋಡುತ್ತಿದ್ದೆ, ಮ್ಯೂಟ್ ಮಾಡಿಕೊಂಡು.

"ಅದನ್ನ ರೋಡ್ ಅಂತ ಹೇಳೋಕ್ಕೇ ಆಗಲ್ಲ, ಬರೀ ಗುಂಡಿ. ಬೆಳಿಗ್ಗೆಯಿಂದ ಸಂಜೆವರೆಗೂ ಸ್ಟಿಯರಿಂಗ್ ಬಿಡ್ಲಿಲ್ಲ ನಾನು. ನಮ್ ಮೇಡಂ ಹಿಂದೆ ಗ್ರ್ಯಾಂಡಾಗಿ ನಿದ್ದೆ!" ಎಂದರು. ಎಲ್ಲರೂ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಇಲ್ಲಿಗೆ ಬಂದ ಮೇಲೆ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟು ಲೈಸೆನ್ಸ್ ತೆಗೆದುಕೊಂಡವರು. ಆ ಲೈಸೆನ್ಸಿನಲ್ಲಿ ಗೇರ್ ಗಾಡಿ ಮುಟ್ಟುವಂತೆಯೇ ಇಲ್ಲ. ಜಾಂಬಿಯಾದಲ್ಲಿ ಸಿಕ್ಕಿದ್ದು ಹಳೆಯ ಗೇರ್ ಪಿಕಪ್. ಬುಕ್ ಮಾಡುವಾಗ ಅದನ್ನು ನೋಡದಿದ್ದವರೂ ಇವರೇ. ಹನ್ನೊಂದು ದಿನವೂ ಓಡಿಸಿದವಳು ನಾನು. ಬೆಳಿಗ್ಗೆ ಒಂದು ಜಲಪಾತ, ಸಂಜೆ ಇನ್ನೊಂದು, ನಡುವೆ ಗಂಟೆಗಟ್ಟಲೆ ಆಳೆತ್ತರದ ಹುಲ್ಲು, ಹಲ್ಲಿನ ಸಂದಿಯವರೆಗೂ ಕೆಂಪು ಧೂಳು. ಕ್ಲಚ್ ತುಳಿದು ತುಳಿದು ಎಡಗಾಲು ಮರಗಟ್ಟಿತ್ತು. ಒಂದು ಕಡೆ ಮರದ ಸೇತುವೆಯಲ್ಲಿ ಎರಡು ಹಲಗೆಗಳೇ ಇರಲಿಲ್ಲ. ಇವರು ಮಗಳನ್ನು ಎತ್ತಿಕೊಂಡು ನಡೆದು ದಾಟಿ, ಆಚೆ ದಡದಲ್ಲಿ ನಿಂತು "ನಿಧಾನ, ನಿಧಾನ" ಎಂದು ಕೂಗುತ್ತಿದ್ದರು. ಗಾಡಿಯಲ್ಲಿ ನಾನೊಬ್ಬಳೇ. ದಾಟಿಸಿದ ಮೇಲೆ ನನ್ನನ್ನು ಇಳಿಸಿ, ತಾವು ಸ್ಟಿಯರಿಂಗ್ ಹಿಂದೆ ಕೂತು "ಒಂದು ಫೋಟೋ ತೆಗಿ" ಎಂದರು. ತೆಗೆದುಕೊಟ್ಟೆ. ಈಗ ಅದೇ ಫೋಟೋ ಪರದೆ ತುಂಬ ಮೆರೆಯುತ್ತಿತ್ತು. ಕಂಡವರ ಮದುವೆಯಲ್ಲಿ ಉಂಡವನೇ ಜಾಣ!

ಅಷ್ಟರಲ್ಲಿ ಮಗಳು ತನ್ನ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ, ಡ್ಯಾಡಿ ಆ ಸೇತುವೆ ದಾಟಿಸಿದ್ದು ತನಗೆ ಚೆನ್ನಾಗಿ ನೆನಪಿದೆ ಎಂದಳು. ಆಗ ಅವಳಿಗೆ ಐದು ವರ್ಷ. ದಡದಲ್ಲಿ ನಿಂತು ನನ್ನನ್ನು ಕಣ್ಣಾರೆ ನೋಡಿದ ಮಗು.

ಮ್ಯೂಟ್ ತೆಗೆದೆ. "ಎಲ್ರಿಗೂ ನಮಸ್ಕಾರ. ಆ ಗಾಡಿ ಓಡ್ಸಿದ್ದು ನಾನು, ಸೇತುವೆ ದಾಟ್ಸಿದ್ದೂ ನಾನೇ. ಇವರಿಗೆ ಗೇರ್ ಗಾಡಿ ಬರಲ್ಲ."

ಯಾರೋ ಕೆಮ್ಮಿದರು. ಇವರು ವಿಡಿಯೋ ಆಫ್ ಮಾಡಿ ದಡದಡ ಇಳಿದು ಬಂದರು. "ಸುಮ್ನಿದ್ದಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

ನಾನು ಉತ್ತರ ಕೊಡುವ ಮೊದಲೇ ಮಗಳು ನನಗೆ ಇನ್ನೊಂದು ಪ್ರಶ್ನೆ ಕೇಳಿದಳು. ಡ್ಯಾಡಿ ಇಷ್ಟು ಸಲ ಆ ಕಥೆ ಹೇಳುವಾಗ ನೀನ್ಯಾಕೆ ನಗುತ್ತಿದ್ದೆ? ನಿಜ. ಲಾಕ್‌ಡೌನಿಗೆ ಮೊದಲು ಊಟಕ್ಕೆ ಬಂದ ಪ್ರತಿಯೊಬ್ಬರಿಗೂ ಇವರು ಅದನ್ನೇ ಹೇಳಿದ್ದರು, ನಾನು ಪಲ್ಯ ಬಡಿಸುತ್ತ ನಕ್ಕಿದ್ದೆ. ಇವರ ಮೇಲಿನ ಸಿಟ್ಟು ವಾರದೊಳಗೆ ಇಳಿಯಿತು. ನನ್ನ ಮೇಲಿನದು ಇನ್ನೂ ಇಳಿದಿಲ್ಲ.