ಬೆಂಗೇರಿಯ ಇನ್ನೊಬ್ಬ ಸಾವಂತ್ರೆವ್ವ

ಧಾರವಾಡದಲ್ಲಿ ಶಿಕ್ಷಕಿಯ ಟ್ರೇನಿಂಗ್ ಮುಗಿಸಿ ಸಾವಂತ್ರೆವ್ವ ಹುಬ್ಬಳ್ಳಿಗೆ ಮರಳಿದಾಗ ಅವಳ ಓಣಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಅಪ್ಪ ಯಮನಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕುಲುಮೆಯ ಮುಂದೆ ದುಡಿಯುವವನು. ಅವರ ಮನೆತನದಲ್ಲಿ ಎಲ್ಲರಿಗಿಂತ ಮೊದಲು ಬೌದ್ಧ ದೀಕ್ಷೆ ತೆಗೆದುಕೊಂಡವನೂ ಅವನೇ, ಯಾರು ಏನೆಂದರೂ ಮಗಳನ್ನು ಶಾಲೆ ಬಿಡಿಸದವನೂ ಅವನೇ. ೧೯೬೧ರ ಬೇಸಿಗೆಯಲ್ಲಿ ಅವಳಿಗೆ ಗರಗದ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಗೊತ್ತಾಯಿತು. ಸೇರುವ ಮೊದಲು ದವಾಖಾನೆಯಿಂದ ಆರೋಗ್ಯದ ಸರ್ಟಿಫಿಕೇಟು ತರಬೇಕಿತ್ತು, ಅಷ್ಟೆ.

ಎದೆಯ ಎಕ್ಸ್‌ರೇ ಫೋಟೋ ತೆಗೆಸಿ ಬಂದಳು. ವಾರದ ಮೇಲೆ ಕೇಳಲು ಹೋದಾಗ ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವಳ ಮುಖ ನೋಡದೆಯೇ ಹೇಳಿದರು:

"ಟೀಬಿ ಅದ. ನೌಕರಿ ಮಾತು ಈಗ ಬ್ಯಾಡ. ದಿನಾ ಬಂದು ಸೂಜಿ ಮಾಡಿಸ್ಕೋ."

"ನನಗ ಕೆಮ್ಮು ಇಲ್ಲಲ್ರಿ ಸಾಹೇಬ್ರ."

"ಇನ್ನೂ ಸುರು ಆಗಿಲ್ಲ. ಲಗೂ ಗೊತ್ತಾತು, ಛಲೋ ಆತು."

ಅವ್ವ ಅಕ್ಕವ್ವ ಆ ಸಂಜೆ ಬಾಯಿಗೆ ಸೆರಗು ಹಿಡಿದು ಅತ್ತಳು. ಮರುದಿನ ಮಗಳ ಗಂಗಾಳ, ಲೋಟ ಬೇರೆ ಗೂಡಿನಲ್ಲಿದ್ದವು. ತವರಿಗೆ ಬಂದಿದ್ದ ಅಕ್ಕನ ಕೂಸು ಚಿಕ್ಕಮ್ಮನ ತೊಡೆಗೆ ಬರಲೆಂದು ಕೈ ಚಾಚಿದರೆ ಯಾರಾದರೂ ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಯಾರ ಮೇಲೂ ಸಿಟ್ಟಾಗಲು ಸಾವಂತ್ರೆವ್ವನಿಗೆ ಬಾಯಿರಲಿಲ್ಲ. ತಾನೇ ದೂರ ಕೂರುತ್ತಿದ್ದಳು.

ದಿನವೂ ಸೂಜಿ. ಕೂತರೆ ನೋವು, ಮಲಗಿದರೆ ನೋವು. ಬರಬರುತ್ತಾ ಸೂಜಿಯ ಔಷಧಕ್ಕೆ ಕಿವಿಯಲ್ಲಿ ಜೀರುಂಡೆ ಹೊಕ್ಕಂತೆ ಗುಂಯ್ ಎನ್ನತೊಡಗಿತು. ಕೆಮ್ಮು ಮಾತ್ರ ಬರಲಿಲ್ಲ. ಅದನ್ನು ಹೇಳಿದರೆ ಡಾಕ್ಟರು, "ನೋಡು, ಔಷಧ ಹಿಡದದ" ಎಂದರು. ಕೆಲವೊಮ್ಮೆ ಒಬ್ಬಳೇ ಕೂತು ಬೇಕಂತಲೇ ಕೆಮ್ಮಿ ನೋಡುತ್ತಿದ್ದಳು. ಎದೆಯಲ್ಲಿ ಏನೋ ಚುಚ್ಚಿದಂತೆಯೂ ಆಗುತ್ತಿತ್ತು.

ಶ್ರಾವಣದ ಒಂದು ಮುಂಜಾನೆ ದವಾಖಾನೆಯಲ್ಲಿ ಜನ ಕಿಕ್ಕಿರಿದಿದ್ದರು. ಕೇಸ್ ಪೇಪರುಗಳನ್ನು ಒಯ್ದುಕೊಡುವ ಜವಾನ ಬಂದಿರಲಿಲ್ಲ. ನರ್ಸು ಅವಳ ಕಾಗದವನ್ನು ಅವಳ ಕೈಗೇ ಕೊಟ್ಟು, "ಆ ಖೋಲಿಗೆ ಒಯ್ದು ಕೊಡು" ಎಂದಳು. ಇಂಗ್ಲಿಷಿನಲ್ಲಿ ಗೀಚಿದ ಬರಹ. ಟ್ರೇನಿಂಗಿನಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ಅವಳು ನಡೆಯುತ್ತಲೇ ಓದಿದಳು. ಸಾವಂತ್ರೆವ್ವ ಯಮನಪ್ಪ. ಸರಿಯಾಗಿದೆ. ವಯಸ್ಸು ಮೂವತ್ತನಾಲ್ಕು. ಅವಳಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಮಕ್ಕಳು ಮೂರು. ಕೆಮ್ಮು ಶುರುವಾಗಿ ಎರಡು ವರ್ಷ.

ಅವಳು ಗೋಡೆಗೆ ಆನಿಕೊಂಡು ನಿಂತಳು. ಮೊದಲು ಸಂತೋಷವೇನೂ ಆಗಲಿಲ್ಲ. ಗೊತ್ತಿಲ್ಲದ ಯಾರದೋ ಮನೆಯ ಒಳಕೋಣೆಗೆ ಇಣುಕಿದಂತೆ ಸಂಕೋಚವಾಯಿತು. ಆಮೇಲೆ ಕಾಗದ ಹಿಡಿದು ನೇರ ಡಾಕ್ಟರ ಖೋಲಿಗೆ ನಡೆದಳು.

"ಸಾಹೇಬ್ರ, ಇದು ನನ್ನ ಕಾಗದ ಅಲ್ರಿ."

ಡಾಕ್ಟರು ತಲೆ ಎತ್ತಲಿಲ್ಲ. "ಹೆಸರು ನಿಂದ ಅದಲ್ಲ?"

"ಹೆಸರು ನಂದರಿ. ಮೂರು ಮಕ್ಕಳು ನನ್ನವಲ್ರಿ. ನನಗ ಲಗ್ನ ಆಗಿಲ್ರಿ."

ಸಾಲಿನಲ್ಲಿ ನಿಂತ ಯಾರೋ ಕಿಸಕ್ಕೆಂದು ನಕ್ಕರು. ಡಾಕ್ಟರ ಮುಖ ಕೆಂಪಾಯಿತು. "ಯಾರೋ ಬರಿಯೂದು ತಪ್ಪಿರಬೇಕು. ಫೋಟೋ ಸುಳ್ಳು ಹೇಳ್ತದೇನು?"

"ಫೋಟೋ ಖರೇನ ಇರಬಹುದ್ರಿ. ಅದರ ಮ್ಯಾಲೆ ಹೆಸರು ಬರದವ್ರು ನಮ್ಮ ನಿಮ್ಮಂಥ ಮನಿಷ್ಯಾರ ಅಲ್ರೀ?" ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅಂದಳು: "ಇನ್ನೊಮ್ಮೆ ತೆಗೀರಿ. ಅಲ್ಲೀತನಾ ನಾ ಸೂಜಿ ಮಾಡಿಸ್ಕೊಳ್ಳೂದಿಲ್ರಿ."

ಹೊರಗಿನ ಬಾಕಿನ ಮೇಲೆ ಹೋಗಿ ಕೂತಳು. ರೋಗಿಗಳೆಲ್ಲ ಕರಗಿದ ಮೇಲೆ ಡಾಕ್ಟರು ತಾವೇ ಎದ್ದು ಬಂದರು. ಫೋಟೋ ತೆಗೆಯುವ ಲಾಲಸಾಬನಿಗೆ ಹಳೆಯ ರಿಜಿಸ್ಟರು ತರಲು ಹೇಳಿದರು. ಇಬ್ಬರೂ ಬಗ್ಗಿ ನೋಡಿದರು. ಒಂದೇ ದಿನ ಇಬ್ಬರು ಸಾವಂತ್ರೆವ್ವ ಯಮನಪ್ಪರು ಬಂದಿದ್ದರು. ಒಬ್ಬಳು ಯಮನಪ್ಪನ ಮಗಳು. ಇನ್ನೊಬ್ಬಳು ಬೇರೆ ಯಮನಪ್ಪನ ಹೆಂಡತಿ, ಬೆಂಗೇರಿಯವಳು.

ಅಂದೇ ಮತ್ತೊಂದು ಫೋಟೋ ತೆಗೆದರು. ಮರುದಿನ ಡಾಕ್ಟರು ಅದನ್ನು ಬಹಳ ಹೊತ್ತು ನೋಡಿ, ಕಣ್ಣಿನ ಚಾಳೀಸು ತೆಗೆದು ಮೇಜಿನ ಮೇಲಿಟ್ಟರು. ಎದೆ ನಿರ್ಮಲವಾಗಿತ್ತು.

"ತಪ್ಪಾತವಾ. ನಮ್ಮ ಕಡೆಯಿಂದ ಭಾಳ ದೊಡ್ಡ ತಪ್ಪಾತು."

ಕೆಂಪು ಶಾಯಿಯಲ್ಲಿ ಹಳೆಯದನ್ನು ಹೊಡೆದುಹಾಕಿ, ಹೊಸದು ಬರೆದು ಸಹಿ ಮಾಡಿದರು. ಸಾವಂತ್ರೆವ್ವ ಎದ್ದವಳು ಬಾಗಿಲ ಹತ್ತಿರ ನಿಂತಳು.

"ಬೆಂಗೇರಿ ಆಕೀಗೆ ಏನ್ ಹೇಳಿ ಕಳಿಸಿದ್ರಿ?"

ಡಾಕ್ಟರು ತಡೆದು ಹೇಳಿದರು: "ಏನೂ ಇಲ್ಲಾ ಅಂತ." ಆಮೇಲೆ, "ಕಾರ್ಡು ಹಾಕಸ್ತೇನಿ" ಎಂದರು.

"ಕಾರ್ಡು ಯಾರು ಓದ್ತಾರೋ, ಯಾವಾಗ ಓದ್ತಾರೋ. ವಿಳಾಸ ಕೊಡ್ರಿ, ನಾನ ಹೋಗ್ತೇನಿ."

ಬೆಂಗೇರಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೆಮ್ಮು ಓಣಿಯ ತಿರುವಿಗೇ ಕೇಳಿಸಿತು. ಕಟ್ಟೆಯ ಮೇಲೆ ಗಂಡ ಯಮನಪ್ಪ ಕೂತಿದ್ದ. ಒಳಗೆ ಒಬ್ಬ ಸಣಕಲು ಹೆಂಗಸು ಮೊರದಲ್ಲಿ ಶೇಂಗಾ ಹಸನು ಮಾಡುತ್ತಾ, ನಡುನಡುವೆ ನಿಂತು ಉಸಿರು ಹಿಡಿಯುತ್ತಿದ್ದಳು.

ದವಾಖಾನೆಯ ಮಾತು ತೆಗೆದ ಕೂಡಲೇ ಗಂಡ ಬೇಸರದಿಂದ ಅಂದ: "ದವಾಖಾನ್ಯಾಗ ಏನೂ ಇಲ್ಲಂತ ಹೇಳ್ಯಾರವಾ. ಕೆಲಸ ತಪ್ಪಸಾಕ ಕೆಮ್ತಾಳ ಈಕಿ."

"ಇಲ್ರೀ ಅಣ್ಣಾರ. ಈ ಅಕ್ಕನ ಫೋಟೋ ನನ್ನ ಹೆಸರಿಗೆ ಬಂದಿತ್ತು, ನಂದು ಈಕೀ ಹೆಸರಿಗೆ ಹೋಗಿತ್ತು. ನನಗ ಏನೂ ಇಲ್ಲ. ಈ ಅಕ್ಕಗ ಟೀಬಿ ಐತಿ. ಔಷಧ ಐತಿ, ಆರಾಮ ಆಗ್ತದ. ಆದ್ರ ತಡಾ ಮಾಡಬ್ಯಾಡ್ರಿ."

ಹೆಂಗಸು ಮೊರವನ್ನು ಕೆಳಗಿಟ್ಟು ಎದ್ದು ಬಂದಳು. ಜಡ್ಡಿನ ಹೆಸರು ಕೇಳಿ ಎದೆಯೊಡೆದುಕೊಳ್ಳುತ್ತಾಳೆಂದು ಸಾವಂತ್ರೆವ್ವ ಅಂಜಿದ್ದಳು. ಆಕೆ ಇವಳ ಎರಡೂ ಕೈ ಹಿಡಿದು ಕೇಳಿದಳು:

"ಖರೇನ ತಂಗಿ? ಖರೇನ ನನಗ ಜಡ್ಡು ಐತಿ?"

"ಖರೇನ ಅಕ್ಕಾ."

ಆಕೆ ಅಲ್ಲೇ ಕುಸಿದು ಕೂತು ಗಳಗಳ ಅತ್ತಳು. "ನಾಟಕ ಮಾಡ್ತೀ ಅಂತಿದ್ರವಾ ಎಲ್ಲಾರೂ. ಕೇಳಿ ಕೇಳಿ ನನಗೂ ಹಂಗ ಅನಸಾಕತ್ತಿತ್ತು, ನಾನ ಸುಳ್ಳು ಕೆಮ್ತೇನೇನೋ ಅಂತ."

ಸಾವಂತ್ರೆವ್ವ ಆಕೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಳು. ತಿಂಗಳುಗಟ್ಟಲೆ ಯಾರೂ ಅವಳನ್ನೂ ಮುಟ್ಟಿ ಕೂತಿರಲಿಲ್ಲ. ಗಂಡ ಕಟ್ಟೆಯಿಂದಿಳಿದು, ಟಾಂಗಾ ಗೊತ್ತು ಮಾಡಿ ಬರುತ್ತೇನೆಂದು ಹೇಳಿ ಓಣಿಯ ಕಡೆ ನಡೆದ. ಅವನು ಕಣ್ಣೊರೆಸಿಕೊಂಡದ್ದನ್ನು ಅವಳು ನೋಡಿಯೂ ನೋಡದಂತಿದ್ದಳು.

ಬೆಂಗೇರಿಯ ಸಾವಂತ್ರೆವ್ವನಿಗೆ ಗುಣವಾಗಲು ಒಂದೂವರೆ ವರ್ಷ ಹಿಡಿಯಿತು. ಈ ಕಡೆ ಗರಗದ ನೌಕರಿ ಬೇರೆಯವರ ಪಾಲಾಗಿತ್ತು. ಡಾಕ್ಟರು ತಾವೇ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ನಡೆದದ್ದನ್ನು ವಿವರಿಸಿದ್ದರಿಂದ ಮುಂದಿನ ವರ್ಷ ಅವಳನ್ನು ರಾಯಾಪುರದ ಶಾಲೆಗೆ ಹಾಕಿದರು. ದವಾಖಾನೆಯ ಕಾಗದ ತಿದ್ದಿದಷ್ಟು ಬೇಗ ಓಣಿಯ ಬಾಯಿ ತಿದ್ದಲಾಗಲಿಲ್ಲ. ನೋಡಲು ಬಂದ ಎರಡು ಸಂಬಂಧಗಳು ಬಾಗಿಲಿಂದಲೇ ಹಿಂದೆ ಸರಿದವು. ಕಿವಿಯ ಗುಂಯ್ ಸದ್ದು ಪೂರ್ತಿ ಹೋಗಲೇ ಇಲ್ಲ. ಹಿಂದಿನ ಸಾಲಿನ ಮಕ್ಕಳಿಗೆ, "ದನಿ ತೆಗೆದು ಹೇಳ್ರಿ, ನಿಮ್ಮ ಅಕ್ಕೋರಿಗೆ ಕೇಳಂಗಿಲ್ಲ" ಎಂದು ಅವಳೇ ನಗುತ್ತಾ ಹೇಳುತ್ತಿದ್ದಳು.

ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಬೆಂಗೇರಿಯ ಸಾವಂತ್ರೆವ್ವ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ರಾಯಾಪುರಕ್ಕೆ ಬಂದಳು. ಆಕೆಯ ಕೆನ್ನೆಗಳು ತುಂಬಿಕೊಂಡಿದ್ದವು. ಇಬ್ಬರೂ ಬೇವಿನ ಗಿಡದ ನೆರಳಲ್ಲಿ ಕೂತು ಉಂಡರು.

"ನಿಮ್ಮ ಯಜಮಾನ್ರು ಹೆಂಗದಾರ ಅಕ್ಕಾ?"

"ಏನ್ ಕೇಳ್ತೀ ತಂಗಿ. ಈಗ ಚಟ್ನಿ ಖಾರ ಹತ್ತಿ ಕೆಮ್ಮಿದ್ರೂ ಓಡಿ ಬರ್ತಾನ. ಮೊನ್ನೆ ತಾನ ಒಲಿ ಹಚ್ಚಿ ಚಾ ಮಾಡಿದ್ದ. ಸಕ್ರಿ ಬದಲಿ ಉಪ್ಪು ಹಾಕಿದ್ದ, ಪಾಪ. ಸುಮ್ನ ಕುಡದೆ."