ಮಸ್ಕಿಯ ಪಾಲಿಗೆ ಬಂದ ಕಾರು

ಮಸ್ಕಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದಕ್ಕೆ ನಾನು ಮ್ಯಾನೇಜರಾಗಿದ್ದೆ. ಬೇರಿಂಗ್ ಮುಟ್ಟಿ ನೋಡಿ ಅಸಲಿಯೋ ನಕಲಿಯೋ ಹೇಳುತ್ತಿದ್ದೆ, ಆದರೆ ಲಾಭ-ನಷ್ಟದ ಪಟ್ಟಿ ಓದಲು ಬರುತ್ತಿರಲಿಲ್ಲ. ಲಿಂಗಸೂಗೂರಿನ ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗನಿಗೂ ಬರುತ್ತಿರಲಿಲ್ಲ. ಸಿಂಧನೂರಿನ ದೊಡ್ಡ ಅಂಗಡಿಯನ್ನು ಮೂರಕ್ಕೂ ಮಾಲೀಕರಾದ ಸಾವ್ಕಾರರೇ ನಡೆಸುತ್ತಿದ್ದರು. ಒಂದು ಭಾನುವಾರ ನಮ್ಮಿಬ್ಬರನ್ನೂ ಅಲ್ಲಿಗೆ ಕರೆಸಿ, ಆಡಿಟರ್ ಕೈಯಲ್ಲಿ ಲೆಕ್ಕದ ಪಾಠ ಹೇಳಿಸಿದರು.

ಬೆಳಗಿನ ಪಾಠ ನನಗೆ ಹಿಡಿಸಿತು. ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಲಾಭವಲ್ಲ. ಕೊಂಡ ಬೆಲೆ, ಬಾಡಿಗೆ, ಪಗಾರ ಕಳೆದು ಉಳಿದದ್ದು ಲಾಭ. ಹಾಗೆ ಕಳೆದ ಮೇಲೂ ನನ್ನ ಅಂಗಡಿಯಲ್ಲಿ ಒಂದಿಷ್ಟು ಉಳಿದಿತ್ತು. ಒಳಗೊಳಗೇ ಹಿಗ್ಗಿದೆ.

ಊಟದ ಹೊತ್ತಿಗೆ ಲಿಂಗಸೂಗೂರಿನವನು ನನ್ನ ಬುತ್ತಿಯ ರೊಟ್ಟಿಯನ್ನು ಕೇಳಿ ಕೇಳಿ ತಿಂದ. ಆಮೇಲೆ ಆಡಿಟರ್ ಮೂರೂ ಅಂಗಡಿಗೆ ಸೇರಿದ ಖರ್ಚು ಬರೆದ: ಸಿಂಧನೂರಿನ ಗೋದಾಮಿನ ಬಾಡಿಗೆ, ಅವನದೇ ಫೀ, ಸಾವ್ಕಾರರ ಕಾರು, ಅದರ ಡ್ರೈವರ್. ಇದನ್ನು ಹಂಚುವುದು ಹೇಗೆ ಎಂದು ಕೇಳಿದ.

"ಅಣ್ಣ-ತಮ್ಮರ ಪಾಲಿನಂಗ ಮೂರೂ ಸಮ ಇರ್ಲಿ," ಎಂದರು ಸಾವ್ಕಾರರು.

ನಮ್ಮ ಕಡೆ ಸಮಪಾಲು ಎಂದರೆ ಮುಗಿಯಿತು, ಹೊಲ ಹಂಚುವಾಗಲೂ ಯಾರೂ ಎದುರಾಡುವುದಿಲ್ಲ. ಸಾವ್ಕಾರರ ಅಂಗಡಿಯ ಮೂಲೆಯಷ್ಟೂ ಇರದ ನನ್ನ ಅಂಗಡಿಯ ಮೇಲೆ ಕಾರಿನ ಮೂರನೇ ಒಂದು ಪಾಲು ಬಿತ್ತು. ಆ ಕಾರು ಮಸ್ಕಿಗೆ ಬಂದದ್ದು ಅಂಗಡಿ ಪೂಜೆಯ ದಿನ ಮಾತ್ರ. ಆಡಿಟರ್ ಕಳೆದು ನೋಡಿ ಮಸ್ಕಿಯ ಮುಂದೆ ನಷ್ಟದ ಕೆಂಪು ಅಂಕಿ ಬರೆದ.

"ಮುಚ್ಚೋದ ಚಲೋ," ಎಂದರು ಸಾವ್ಕಾರರು.

ಮನೆ ನಡೆಯುತ್ತಿದ್ದುದೇ ನನ್ನ ಪಗಾರದ ಮೇಲೆ. "ಮಸ್ಕಿ ಮುಚ್ಚಿದ್ರ ಕಾರಿನ ಖರ್ಚು ನಿಂದರತೈತೇನ್ರಿ? ಗೋದಾಮಿನ ಬಾಡಿಗಿ ಕಡಿಮಿ ಆಗತೈತೇನ್ರಿ?" ಎಂದೆ.

ಆಡಿಟರ್ ಪೆನ್ನಿನ ಮುಚ್ಚಳ ಹಾಕಿದ. ಸಾವ್ಕಾರರು, "ಬೋಲ್ಟ್ ಮಾರಾಕ ಇಟ್ಟೀನಿ ನಿನ್ನ, ನನಗ ಲೆಕ್ಕ ಹೇಳಾಕಲ್ಲ," ಎಂದು ಲಿಂಗಸೂಗೂರಿನವನ ಕಡೆ ತಿರುಗಿದರು.

"ಹುಳ ಹಿಡಿದ ಹಲ್ಲು ಕಿತ್ತು ಒಗೀಬೇಕ್ರಿ," ಎಂದ ಅವನು. "ಮಸ್ಕಿ ಗಿರಾಕಿ ನನ್ನ ಕಡೆ ಬರ್ತಾರ."

ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ.

ಅಂಗಡಿ ಮುಚ್ಚಿತು. ಒಂದು ಸುಗ್ಗಿ ಪೂರ್ತಿ ಮನೆಯಲ್ಲಿ ಕುಳಿತೆ, ಕಿವಿಯ ಬಂಗಾರ ಮಾರಿದೆ. ಗಿರಾಕಿಗಳು ಲಿಂಗಸೂಗೂರಿಗೆ ಹೋಗಲಿಲ್ಲ; ಒಂದು ಬೋಲ್ಟಿಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ? ಮಸ್ಕಿಯಲ್ಲೇ ಇದ್ದ ಇನ್ನೊಂದು ಅಂಗಡಿಗೆ ಹೋದರು. ಅದರ ಮಾಲೀಕರು ಕೊನೆಗೆ ನನ್ನನ್ನೂ ಕರೆದು ಕೆಲಸ ಕೊಟ್ಟರು.

ಹೋದ ವರ್ಷ ಲಿಂಗಸೂಗೂರಿನವನ ಫೋನ್ ಬಂತು. "ಅಕ್ಕಾ, ನನ್ನ ಅಂಗಡೀನೂ ಲಾಸಿನಾಗ ಬಂದೈತಿ. ಮುಚ್ಚತೀನಿ ಅಂತಾರ."

ಕಾರಣ ನನಗೆ ಗೊತ್ತಿತ್ತು. ಮೂರು ಪಾಲು ಈಗ ಎರಡಾಗಿತ್ತು. ಆದರೂ ಪಟ್ಟಿ ಓದು ಎಂದೆ. ಗೋದಾಮು ಅರ್ಧ, ಕಾರು ಅರ್ಧ, ಡ್ರೈವರ್ ಅರ್ಧ ಎಂದು ಓದುತ್ತ ಹೋದ. ಕೊನೆಯ ನಷ್ಟದ ಅಂಕಿಯನ್ನು ದನಿ ತಗ್ಗಿಸಿ ಓದಿದ. "ಕೇಳಿಸಲಿಲ್ಲ, ಇನ್ನೊಮ್ಮಿ ಓದು," ಎಂದೆ. ಓದಿದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

"ನಿಮ್ಮ ಅಂಗಡ್ಯಾಗ ಏನರ ಕೆಲಸ ಐತೇನಕ್ಕಾ? ಸಣ್ಣ ಕೂಸು ಐತಿ ಮನ್ಯಾಗ."

ಇತ್ತು. ನಂಬಿಕಸ್ತ ಆಳೊಬ್ಬನನ್ನು ಹುಡುಕಲು ಮಾಲೀಕರು ಅಂದೇ ಬೆಳಿಗ್ಗೆ ನನಗೆ ಹೇಳಿದ್ದರು.

"ಇಲ್ಲೋ ತಮ್ಮಾ," ಎಂದೆ.