ರೇವತಿ ಕಡಲು ನೋಡಿದ್ದು

ಬೈಯಪ್ಪನಹಳ್ಳಿಯ ಆ ಬಾಡಿಗೆ ರೂಮುಗಳ ಸಾಲಿನಲ್ಲಿ ತಲೆ ನೀಟಾಗಿ ಇಟ್ಟುಕೊಂಡ ಗಂಡಸು ಯಾರು ಅಂದರೆ ಎಲ್ಲರೂ ಕಿರಣಕುಮಾರನ ಕಡೆ ಬೆರಳು ತೋರಿಸುತ್ತಿದ್ದರು. ರೂಮಿನ ಕೆಳಗೇ ಬಷೀರನ ಸಲೂನು. ಭಾನುವಾರ ಬಂತೆಂದರೆ ಅಲ್ಲಿ ಹಾಜರು. ಹೆಂಡತಿ ರೇವತಿ ಸೀರೆ ಉಟ್ಟು ತಯಾರಾದರೂ ಇವನ ಬೈತಲೆ ಮುಗಿಯುತ್ತಿರಲಿಲ್ಲ. ಅಂಥವನು ಇತ್ತೀಚೆಗೆ ಕರಡಿಯಂತಾಗಿದ್ದ. ಬಷೀರ್ ಬಾಗಿಲಲ್ಲಿ ನಿಂತು, "ಏನ್ ಗುರು, ಬೇರೆ ಅಂಗಡಿ ಹಿಡಿದ್ಬಿಟ್ರಾ?" ಎಂದು ಕೇಳಿದರೆ, "ಮುಂದಿನ ವಾರ ಬರ್ತೀನಣ್ಣ" ಎಂದು ಜಾರಿಕೊಳ್ಳುತ್ತಿದ್ದ. ರೇವತಿ ಅದನ್ನು ಸೋಮಾರಿತನ ಅಂದುಕೊಂಡಳು. ಗಂಡನ ತಲೆಯ ಬಗ್ಗೆ ಯೋಚಿಸಲು ಅವಳಿಗೆ ಆಗ ಪುರುಸೊತ್ತಿರಲಿಲ್ಲ. ಅವಳಿಗೆ ಮುಟ್ಟು ನಿಂತಿತ್ತು.

ದೇವದುರ್ಗದ ಕಡೆಯಿಂದ ಬಂದ ಹುಡುಗಿ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ದಿನವಿಡೀ ನಿಂತು ವೈರು ಜೋಡಿಸುತ್ತಾಳೆ. ಹಿಂದೆ ಎರಡು ಸಲ ಬಸುರಾಗಿದ್ದಳು, ಎರಡೂ ಸಲ ನಿಂತಿರಲಿಲ್ಲ. ಮೊದಲ ಸಲ ಅತ್ತೆ ಅಯ್ಯಮ್ಮ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು. ಆಮೇಲೆ ಅದೇ ಓಣಿಯ ಮುಂದೆ ತಲೆ ತಗ್ಗಿಸಿ ಓಡಾಡಬೇಕಾಯಿತು. ಎರಡನೇ ಸಲ ಕಿರಣಕುಮಾರ ಆಸ್ಪತ್ರೆಯ ಮೆಟ್ಟಿಲ ಮೇಲೆ, ತಲೆಗೆ ಟವೆಲು ಸುತ್ತಿಕೊಂಡು ಕೂತು, ಬಿಕ್ಕಿ ಬಿಕ್ಕಿ ಅತ್ತಿದ್ದ. ಆ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ಅವಳಿಗಿರಲಿಲ್ಲ. ಈ ಸಲ ಕೂಸು ಗಟ್ಟಿಯಾಗಿ ನಿಲ್ಲುವವರೆಗೆ ಗಂಡನ ಮುಂದೂ ಬಾಯಿ ಬಿಡಬಾರದು ಎಂದು ತೀರ್ಮಾನಿಸಿದಳು. ಜೀವನ್ ಬಿಮಾ ನಗರದ ಡಾಕ್ಟರಮ್ಮನ ಹತ್ತಿರ ಕದ್ದು ಹೋಗಿ ಬಂದಳು.

ಅಷ್ಟರಲ್ಲಿ ಕಿರಣಕುಮಾರ ಮಂಗಳೂರಿನ ರೈಲಿಗೆ ಟಿಕೆಟ್ಟು ಮಾಡಿಸಿಯಾಗಿತ್ತು. ಇಬ್ಬರೂ ಹುಟ್ಟಿದಾಗಿನಿಂದ ಕಡಲು ಕಂಡವರಲ್ಲ. ರೈಲಿನಲ್ಲಿ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ರೇವತಿಗೆ ಪ್ರಯಾಣದ ಭಯವಿರಲಿಲ್ಲ, ಭಯ ಇದ್ದದ್ದು ಕಡಲಿನದು. ಬಸುರಿಯ ಗಂಡ ಸಮುದ್ರ ಸ್ನಾನ ಮಾಡಬಾರದು, ತೆಂಗಿನಕಾಯಿ ಒಡೆಯಬಾರದು, ಹಾಗೆ ಮಾಡಬಾರದು, ಹೀಗೆ ಮಾಡಬಾರದು ಎಂದು ಅವಳ ಅಜ್ಜಿ ಒಂದು ಉದ್ದ ಪಾಠವನ್ನೇ ಒಪ್ಪಿಸುತ್ತಿದ್ದಳು. ಕೃಷ್ಣಾ ಹೊಳೆಯಲ್ಲಿ ಈಜಿ ಬೆಳೆದವನನ್ನು ಸಮುದ್ರದ ಮುಂದೆ ನಿಲ್ಲಿಸಿ ಇಳಿಯಬೇಡ ಎನ್ನುವುದು ಹೇಗೆ? ಕಾರಣ ಹೇಳಿದರೆ ಗುಟ್ಟು ರಟ್ಟು. ಹೇಳದಿದ್ದರೆ ಕೂಸಿಗೆ ಕೇಡು. ಇದನ್ನು ಕೇಳಿ ನಗುವವರು ನಗಲಿ. ಎರಡು ಸಲ ಕಳೆದುಕೊಂಡವರಿಗೆ ನಗು ಬರುವುದಿಲ್ಲ.

ಮಂಗಳೂರಿನಲ್ಲಿ ಮೊದಲು ಕದ್ರಿ ದೇವಸ್ಥಾನಕ್ಕೆ ಹೋದರು. ಕಿರಣಕುಮಾರ ಬರೀ ಹೂವು ಕೊಂಡ, ಕಾಯಿ ಬೇಡ ಅಂದ. ಬದುಕಿದೆ ಅಂದುಕೊಂಡಳು. ಆಮೇಲೆ ಐಸ್ ಕ್ರೀಮ್ ತಿಂದರು, ಪೇಟೆ ಸುತ್ತಿದರು. ಮೀನಿನ ವಾಸನೆ ಬಂದಲ್ಲೆಲ್ಲ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ತಾನಾಗಿಯೇ ದಾರಿ ಬದಲಿಸಿದ. ರಜೆಯ ಮಜಾ ಎನ್ನುವುದು ಅವಳ ನಾಲಗೆಗೂ ಹತ್ತಲಿಲ್ಲ. ಸಂಜೆಗೆ ಪಣಂಬೂರು ಬೀಚು ಅಂತ ಆಗಿತ್ತು, ಸಂಜೆ ಹತ್ತಿರ ಬಂದಂತೆ ಅವಳು ಗಳಿಗೆಗೊಮ್ಮೆ ಹೊತ್ತೆಷ್ಟೆಂದು ಕೇಳತೊಡಗಿದಳು.

ಬೀಚಿನಲ್ಲಿ ಜನವೋ ಜನ. ಗಂಡಸರೆಲ್ಲ ನೀರಿನಲ್ಲೇ ಇದ್ದರು. ಕಿರಣಕುಮಾರ ಚಪ್ಪಲಿ ಬಿಟ್ಟ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಅಲೆಗಳ ಕಡೆ ನಡೆದ. ರೇವತಿ ಹಿಂದೆಯೇ ಓಡಿ ಅವನ ಅಂಗಿ ಹಿಡಿದುಕೊಂಡಳು.

"ರೀ, ನೀರಾಗ ಇಳೀಬ್ಯಾಡ್ರಿ."

"ಯಾಕ?"

"ನಂಗ ಅಂಜಿಕಿ ಬರ್ತದ."

"ಹೊಳಿ ಈಜಿದಾಂವ ನಾ."

"ಅದು ಹೊಳಿ. ಇದು ಬ್ಯಾರೆ. ನನ್ನ ಮಾತು ಕೇಳ್ರಿ."

ಅವಳು ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಇನ್ನೇನು ಎಲ್ಲ ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಒಂದು ದೊಡ್ಡ ಅಲೆ ನೊರೆಗಟ್ಟಿಕೊಂಡು ಬಂತು. ಹೊಳೆ ಈಜಿದ ಧೀರ ಅವಳ ಕೈ ಹಿಡಿದೆಳೆದುಕೊಂಡು, ಬೆಂಕಿ ಕಂಡವನ ಹಾಗೆ ಹಿಂದಕ್ಕೆ ಜಿಗಿದ. ಅವನ ಕಾಲಿಗೆ ಒಂದು ಹನಿಯೂ ತಾಗಲಿಲ್ಲ.

ಗಾಳಿಗೆ ಅವನ ಕೂದಲು ಹಾರಿ ಕಣ್ಣ ಮೇಲೆ ಬಿತ್ತು. ರೇವತಿ ಆ ಕೂದಲನ್ನೇ ನೋಡಿದಳು. ಅಜ್ಜಿಯ ಪಾಠದಲ್ಲಿ ಅವಳು ಮರೆತಿದ್ದ ಮಾತು ಆಗ ನೆನಪಾಯಿತು: ಬಸುರಿಯ ಗಂಡ ತಲೆಗೆ ಕತ್ತರಿ ಮುಟ್ಟಿಸಬಾರದು.

"ನಿಮಗ ಗೊತ್ತದ," ಅಂದಳು.

"ಚಾ ಬಿಟ್ಟೀದಿ. ಹಿಂದ ಎರಡೂ ಸಲ ಹಂಗೇ ಬಿಟ್ಟಿದ್ದಿ."

"ಮತ್ತ ಯಾಕ ಕೇಳಲಿಲ್ಲ?"

"ನೀನಾಗೇ ಹೇಳುತನ ಕಾಯೂಣು ಅಂತ ಮಾಡಿದ್ದೆ." ಅವನು ಮರಳಿನ ಮೇಲೆ ಕೂತ. "ಹೋದ ಸಲ ಆಸ್ಪತ್ರಿಯಿಂದ ಫೋನ್ ಬಂತಲ್ಲ, ಆವಾಗ ನಾ ಬಷೀರಣ್ಣನ ಕುರ್ಚ್ಯಾಗ ಕೂತಿದ್ದೆ. ಅರ್ಧ ಕಟಿಂಗ್ ಆಗಿತ್ತು. ಅವ್ವ ಬ್ಯಾಡ ಅಂದಿದ್ಲು. ನಾ ನಕ್ಕಿದ್ದೆ."

ಆಸ್ಪತ್ರೆಯ ಮೆಟ್ಟಿಲು, ತಲೆಗೆ ಸುತ್ತಿದ್ದ ಆ ಟವೆಲು. ಅದರ ಕೆಳಗೆ ಏನಿತ್ತೆಂದು ರೇವತಿಗೆ ಈಗ ತಿಳಿಯಿತು. ಕಾರ್ಖಾನೆಯಲ್ಲಿ ನಿಂತು ನಿಂತು ಕೂಸನ್ನು ಕಳೆದೆ ಎಂದು ತಾನು ಒಳಗೊಳಗೇ ಬೇಯುತ್ತಿದ್ದರೆ, ಒಂದೇ ರೂಮಿನಲ್ಲಿ, ಮಗ್ಗುಲಲ್ಲೇ ಮಲಗಿ, ಇವನು ಕತ್ತರಿಯನ್ನು ನೆನೆಸಿಕೊಂಡು ಬೇಯುತ್ತಿದ್ದ.

"ನಿಮ್ಮಿಂದ ಹೋಗಲಿಲ್ರಿ ಅದು," ಅಂದಳು.

"ನಿನ್ನಿಂದ್ಲೂ ಅಲ್ಲ."

ಇಬ್ಬರೂ ಅತ್ತರು. ಪಕ್ಕದಲ್ಲಿ ಚುರುಮುರಿ ಮಾರುವವನು ಒಂದು ಗಳಿಗೆ ನಿಂತು, ವ್ಯಾಪಾರವಿಲ್ಲ ಎಂದು ತಿಳಿದು ಮುಂದೆ ಹೋದ. ಹೊತ್ತು ಮುಳುಗುವವರೆಗೆ ಅವರು ಒಣ ಮರಳಿನಲ್ಲೇ ಕೂತು ಕಡಲು ನೋಡಿದರು. ಏಳುವಾಗ ರೇವತಿ ತನ್ನ ತಲೆಯಿಂದ ಒಂದು ಕ್ಲಿಪ್ಪು ತೆಗೆದು ಅವನ ಕೂದಲಿಗೆ ಸಿಕ್ಕಿಸಿದಳು. ಅಷ್ಟು ಶೋಕಿ ಮನುಷ್ಯ ಅದನ್ನು ತೆಗೆಯಲಿಲ್ಲ.

ಬೈಯಪ್ಪನಹಳ್ಳಿಯಲ್ಲಿ ರೈಲಿಳಿದು ಮನೆಗೆ ಬಂದಾಗ ಬಷೀರ್ ಅಂಗಡಿಯ ಮುಂದೆ ಬಟ್ಟೆ ಕೊಡವುತ್ತಿದ್ದ.

"ಏನ್ ಗುರು ಇದು, ಕ್ಲಿಪ್ಪು ಬೇರೆ? ಬನ್ನಿ, ಕೂತ್ಕೊಳ್ಳಿ, ಇವತ್ತು ಬಿಡಲ್ಲ."

ಮುಂದಿನ ವಾರ ಅನ್ನಲು ಕಿರಣಕುಮಾರ ಬಾಯಿ ತೆರೆದ. ರೇವತಿ ಅವನನ್ನು ಸರಿಸಿ ಮುಂದೆ ಬಂದಳು. ಮೇಲಿನ ರೂಮುಗಳ ಹೆಂಗಸರೆಲ್ಲ ಮೋಟುಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದರು. ನೋಡಲಿ ಅಂದುಕೊಂಡಳು.

"ಈಗ ಬ್ಯಾಡಣ್ಣ," ಅಂದಳು, ಎಲ್ಲರಿಗೂ ಕೇಳುವಂತೆ. "ಕೂಸು ಹುಟ್ಟಿದ ಮ್ಯಾಲೆ ಬರ್ತಾರ."

ಬಷೀರ್ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಖಾಲಿ ಕುರ್ಚಿಯ ಮೇಲಿಟ್ಟ.